ಧಾರವಾಡದ ಆರು ಮನೆಗಳನ್ನು ಪುಣೆಯಿಂದ ನಡೆಸಿದ ಬಗೆ: ನನ್ನ ಅನುಭವ

2017ರಲ್ಲಿ, ಕೋಚಿಂಗ್ ತರಗತಿಗಳಿಗೆ ಹೆಸರಾದ ಧಾರವಾಡದ ಸಪ್ತಾಪುರದಿಂದ ನಡೆದು ಹೋಗುವಷ್ಟು ದೂರದ ಓಣಿಯಲ್ಲಿ ಆರು ಮನೆಗಳ ಹಳೆಯ ಕಟ್ಟಡವೊಂದನ್ನು ನಾನು ಕೊಂಡಾಗ, ಪುಣೆಯಲ್ಲಿ ನೌಕರಿ ಮಾಡುವವನಿಗೆ ಇದು ಬೇಡದ ಉಸಾಬರಿ ಎಂದು ಮನೆಯವರೆಲ್ಲ ಹೇಳಿದರು. "ಅಲ್ಲಿ ಕುಂತು ಇಲ್ಲಿ ಬಾಡಿಗಿ ಎಣಸಾಕ ಆಗೂದಿಲ್ಲ, ತಮ್ಮಾ" ಎಂದು ನಮ್ಮ ಕಾಕಾ ನೋಂದಣಿಯ ದಿನವೇ ಎಚ್ಚರಿಸಿದ್ದರು. ಮೊದಲ ಮೂರು ವರ್ಷ ಅವರ ಮಾತೇ ನಿಜವಾಯಿತು. 2021ರಿಂದ ಈಚೆಗೆ ಮಾತ್ರ ನಾನು ವರ್ಷಕ್ಕೆ ಎರಡು ಸಲ ಊರಿಗೆ ಹೋದರೆ ಸಾಕಾಗುತ್ತಿದೆ.

ಕಟ್ಟಡಕ್ಕೆ ಸುಮಾರು 68 ಲಕ್ಷ ಕೊಟ್ಟೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕಕ್ಕೆ ಅದರ ಮೇಲೆ ಶೇಕಡಾ ಆರೂವರೆಯಷ್ಟು ಹೋಯಿತು. ಸಾಲ 45 ಲಕ್ಷ, ಕಂತು 39 ಸಾವಿರದ ಆಸುಪಾಸು; ಆಗ ಆರೂ ಮನೆ ಸೇರಿ ಬರುತ್ತಿದ್ದ ಬಾಡಿಗೆ 33 ಸಾವಿರ. ಮಾಳಿಗೆಯ ಸೋರಿಕೆ ನಿಲ್ಲಿಸಲು ಕೈಯಲ್ಲಿ ಹಣವಿರಲಿಲ್ಲವಾದ್ದರಿಂದ ಎರಡು ಮನೆಗಳನ್ನು ತಲಾ ಮೂರೂವರೆ ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟೆ, ಅಂದರೆ ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ಹಣ ಪಡೆದು, ಅವರು ಮನೆ ಬಿಡುವಾಗ ಅಷ್ಟನ್ನೂ ಹಿಂದಿರುಗಿಸುವ ಕರಾರು. ನಾನು ಮಾಡಿದ ಅತಿ ದೊಡ್ಡ ತಪ್ಪು ಇದೇ. ಹಣ ಗಾರೆ ಸಿಮೆಂಟಿನಲ್ಲಿ ಕರಗಿಹೋಗಿದ್ದಾಗ ಎರಡೂ ಕುಟುಂಬಗಳು ಒಂದೇ ತಿಂಗಳಲ್ಲಿ ಮನೆ ಬಿಟ್ಟವು. ಏಳು ಲಕ್ಷ ಹಿಂದಿರುಗಿಸಲು ಹೆಂಡತಿಯ ಬಂಗಾರ ಅಡವಿಟ್ಟೆ, ಅದನ್ನು ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಬೇಕಾಯಿತು. ಅಂದಿನಿಂದ ಭೋಗ್ಯದ ಮಾತೆತ್ತಿದವರಿಗೆ ಮನೆ ತೋರಿಸುವುದನ್ನೇ ಬಿಟ್ಟಿದ್ದೇನೆ.

ಉಸ್ತುವಾರಿಗೆ ಒಬ್ಬ ಏಜೆಂಟರನ್ನು ಇಟ್ಟಿದ್ದೆ. ಮೇಲಿನ ಒಂದು ಮನೆ ನಾಲ್ಕು ತಿಂಗಳಿಂದ ಖಾಲಿ ಇದೆ ಎಂದು ಅವರು ಹೇಳುತ್ತಿದ್ದರು, ಆದರೆ ಮೇಲಿನ ಮೂರು ಮನೆಗಳಿಗೆ ಸೇರಿ ಇದ್ದ ಒಂದೇ ಮೀಟರಿನ ಬಿಲ್ಲು ಒಂದು ಯೂನಿಟ್ಟೂ ಇಳಿದಿರಲಿಲ್ಲ. ಅನುಮಾನ ಬಂದು ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬಾಗಿಲು ಬಡಿದಾಗ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಇಬ್ಬರು ಹುಡುಗರು ಹೊರಬಂದರು. ಅವರು ತಿಂಗಳು ತಪ್ಪದೆ ಏಜೆಂಟರಿಗೆ ಬಾಡಿಗೆ ಕೊಡುತ್ತಿದ್ದರು. ಆ ಹುಡುಗರದು ಏನೂ ತಪ್ಪಿರಲಿಲ್ಲ, ಅವರನ್ನು ಹಾಗೆಯೇ ಇರಿಸಿಕೊಂಡೆ.

ಮನೆಯ ಮಾಲೀಕನನ್ನು ಊರಿಗೆ ಎಳೆಯುವುದು ಮನೆ ಮನೆಗಳ ನಡುವೆ ಹಂಚಿಕೊಂಡಿರುವ ವಸ್ತುಗಳು ಎಂಬುದು ನನಗೆ ಆಗ ಹೊಳೆಯಿತು. ಒಂದೇ ಮೀಟರು, ಒಂದೇ ಟ್ಯಾಂಕು ಇದ್ದಷ್ಟು ದಿನ ಜಗಳದ ಫೋನು ಬರುತ್ತಲೇ ಇತ್ತು. ಮೊದಲು ವಿದ್ಯುತ್ ಕಂಪನಿ ಹೆಸ್ಕಾಂನಿಂದ ಆರು ಮನೆಗೂ ಪ್ರತ್ಯೇಕ ಮೀಟರು, ಪ್ರತ್ಯೇಕ ಆರ್.ಆರ್. ನಂಬರು (ಸಂಪರ್ಕದ ಗುರುತಿನ ಸಂಖ್ಯೆ) ಮಾಡಿಸಿದೆ; ಮೋಟರಿಗೂ ಮೆಟ್ಟಿಲ ದೀಪಕ್ಕೂ ಏಳನೆಯ ಮೀಟರು. ಠೇವಣಿ, ವೈರಿಂಗ್ ಸೇರಿ 60 ಸಾವಿರ ದಾಟಿತು. 2023ರಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ಆರೂ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿ ಅದರ ಲಾಭ ಪಡೆದರು. ಮೂರು ಮನೆಗೆ ಒಂದೇ ಮೀಟರು ಉಳಿದಿದ್ದರೆ 200 ಯೂನಿಟ್ ಮೀರಿ ಯಾರಿಗೂ ಅದು ದಕ್ಕುತ್ತಿರಲಿಲ್ಲ.

ನೀರಿನದು ಇದಕ್ಕಿಂತ ದೊಡ್ಡ ಕಥೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೇ ದಿನದ 24 ಗಂಟೆ ನೀರು ಬಂದಿತ್ತು, ಆದರೆ ನಮ್ಮ ಓಣಿ ಆ ವಲಯದ ಹೊರಗಿದೆ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ಎಂಟು ದಿನ ಕಾದದ್ದುಂಟು. ಹದಿನೆಂಟು ಜನರಿಗೆ ತಲಾ 100 ಲೀಟರಿನಂತೆ ಎಂಟು ದಿನಕ್ಕೆ 14,400 ಲೀಟರ್ ಬೇಕು. ನಮ್ಮ ಸಂಪ್ ಹಿಡಿಯುತ್ತಿದ್ದುದು 8 ಸಾವಿರ. ಅದನ್ನು 18 ಸಾವಿರಕ್ಕೆ ಹಿಗ್ಗಿಸಿ, ಮಾಳಿಗೆಯ ಮೇಲೆ ಮನೆಗೊಂದರಂತೆ 500 ಲೀಟರಿನ ಆರು ಟ್ಯಾಂಕುಗಳನ್ನು ಇಡಿಸಿದೆ. ತನ್ನ ಟ್ಯಾಂಕು ಖಾಲಿ ಮಾಡಿಕೊಂಡವರು ಮುಂದಿನ ಸಲ ಮೋಟರು ಓಡುವವರೆಗೆ ಕಾಯಬೇಕು. ಈ ಏರ್ಪಾಡಿನಲ್ಲಿಯೂ ಒಮ್ಮೆ ಎಡವಿದೆ: ಎಲ್ಲ ಟ್ಯಾಂಕುಗಳ ಬಾಲ್ ವಾಲ್ವು ಮುಚ್ಚಿಕೊಂಡ ಮೇಲೂ ಮೋಟರು ಓಡುತ್ತಿದ್ದುದರಿಂದ ಒತ್ತಡಕ್ಕೆ ಪೈಪಿನ ಜಾಯಿಂಟು ಒಡೆದು ಗೋಡೆ ತೊಯ್ದಿತು. ಹೆಚ್ಚಾದ ನೀರು ಮರಳಿ ಸಂಪಿಗೇ ಬೀಳುವಂತೆ ಒಂದು ಪೈಪು ಎಳೆಸಿದ ಮೇಲೆ ತೊಂದರೆಯಿಲ್ಲ. ಹೊಲದ ಪಂಪ್‌ಸೆಟ್ಟಿಗೆ ಹಾಕುವಂತಹ ಮೊಬೈಲ್ ಸ್ಟಾರ್ಟರನ್ನು ಮೋಟರಿಗೆ ಕೂಡಿಸಿ ಪುಣೆಯಿಂದ ಓಡಿಸುವ ಪ್ರಯೋಗವನ್ನೂ ಮಾಡಿದೆ. ಸಿಮ್ ರೀಚಾರ್ಜ್ ಮರೆತ ವಾರ ಆರೂ ಮನೆಗೆ ನೀರಿಲ್ಲದಂತಾಗಿ ಅದನ್ನು ಕಿತ್ತು ಸಾದಾ ಟೈಮರ್ ಹಾಕಿಸಿದೆ. ಎಲ್ಲ ಸೇರಿ ಎರಡೂಮುಕ್ಕಾಲು ಲಕ್ಷ ಖರ್ಚಾಯಿತು.

2020ರಲ್ಲಿ ಕೊರೊನಾದಿಂದ ಕೋಚಿಂಗ್ ತರಗತಿಗಳು ಮುಚ್ಚಿದಾಗ ಆರರಲ್ಲಿ ನಾಲ್ಕು ಮನೆ ಖಾಲಿಯಾದವು. ಈಗ ಎರಡಕ್ಕಿಂತ ಹೆಚ್ಚು ಮನೆಗಳನ್ನು ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ. ಕೆಳಗಿನ ಮನೆಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರಿಗೆ ಬಾಡಿಗೆಯಲ್ಲಿ 1,500 ರೂಪಾಯಿ ಬಿಟ್ಟಿದ್ದೇನೆ, ಎರಡು ಸಾವಿರದವರೆಗಿನ ದುರಸ್ತಿಗೆ ನನ್ನನ್ನು ಕೇಳಬೇಕಿಲ್ಲ ಎಂದೂ ಹೇಳಿದ್ದೇನೆ. ಹೊಸ ಬಾಡಿಗೆದಾರರೊಂದಿಗೆ ನಾನೇ ಫೋನಿನಲ್ಲಿ ಮಾತನಾಡಿ ಒಂದು ಪ್ರಶ್ನೆ ಕೇಳುತ್ತೇನೆ. ಅದು ಯಾವುದೆಂದು ಬರೆದರೆ ಎಲ್ಲರೂ ಉತ್ತರ ಸಿದ್ಧಮಾಡಿಕೊಂಡು ಬರುತ್ತಾರಾದ್ದರಿಂದ ಇಲ್ಲಿ ಹೇಳುವುದಿಲ್ಲ.

ಈಗ ತಿಂಗಳಿಗೆ 55 ಸಾವಿರ ಕೈಸೇರುತ್ತದೆ. ಕಂತು, ಪಾಲಿಕೆಯ ಆಸ್ತಿ ತೆರಿಗೆ, ಸುಣ್ಣಬಣ್ಣ ಕಳೆದು ವರ್ಷಕ್ಕೆ ಒಂದು ಲಕ್ಷದ ಮೇಲೆ ಉಳಿಯುತ್ತಿದೆ. ಆಸ್ತಿ ತೆರಿಗೆಯನ್ನು ಏಪ್ರಿಲಿನಲ್ಲಿಯೇ ಕಟ್ಟಿ ಶೇಕಡಾ 5ರ ರಿಯಾಯಿತಿ ಪಡೆಯುವುದನ್ನು ಒಂದು ವರ್ಷವೂ ಬಿಟ್ಟಿಲ್ಲ. ಕಳೆದ ದೀಪಾವಳಿಗೆ ಹೋದಾಗ ಕಾಕಾ ಮಾಳಿಗೆ ಹತ್ತಿ ಆರೂ ಟ್ಯಾಂಕುಗಳ ಮುಚ್ಚಳ ತೆಗೆದು ನೋಡಿದರು. ಇಳಿದು ಬಂದವರು ತಮ್ಮ ಮೂರು ಬಾಡಿಗೆ ಮನೆಗಳಿಗೂ ಹೀಗೆಯೇ ಮಾಡಿಸಲು ಎಷ್ಟಾದೀತು ಎಂದು ಕೇಳಿದರು.