ನಿಂತಿದ್ದ ಒಮೆಗಾ: ನನ್ನ ಅನುಭವ

ಬೆಳಗಾವಿಯ ಖಡೇಬಜಾರ್ ಬಳಿಯ ನನ್ನ ಅಂಗಡಿಗೆ ಬರುವ ಹಳೆಯ ವಾಚುಗಳ ಜೊತೆ ಒಂದು ಶಿಫಾರಸೂ ಬರುತ್ತದೆ: ‘ಕೆಟ್ಟಿಲ್ಲ, ಅಲುಗಾಡಿಸಿದರೆ ನಡೆಯುತ್ತದೆ.’ ಟಿಳಕವಾಡಿಯ ನಿವೃತ್ತ ಮಾಸ್ತರರೊಬ್ಬರು ತಂದ ಒಮೆಗಾ ಸೀಮಾಸ್ಟರ್ ಕೂಡ ಹಾಗೆಯೇ ಬಂತು. ತಂದೆಯ ಕಾಲದ್ದು, ತಿಜೋರಿಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ನಡೆಯುತ್ತಿತ್ತು, ನಿಜ. ಅಪಾಯ ಇರುವುದೇ ಅಲ್ಲಿ. ಒಣಗಿ ಅಂಟಾದ ಎಣ್ಣೆಗೆ ಧೂಳು ಸೇರಿದರೆ ಅದು ಚಕ್ರಗಳ ಉಕ್ಕಿನ ತುದಿಗಳನ್ನು ಸಾಣೆಯಂತೆ ತಿನ್ನುತ್ತದೆ. “ಮಾಸ್ತರರೇ, ಇನ್ನು ಕೀಲಿ ಕೊಡಬೇಡಿ” ಎಂದು ವಾಚನ್ನು ಇರಿಸಿಕೊಂಡೆ.

ಒಳಗಿದ್ದುದು ಒಮೆಗಾದ 565 ಎಂಬ ಯಂತ್ರ: ಆಟೊಮ್ಯಾಟಿಕ್ (ಕೈಯ ಚಲನೆಗೆ ತಾನೇ ಕೀಲಿ ಸುತ್ತಿಕೊಳ್ಳುವಂಥದ್ದು), ಸವೆತ ತಡೆಯುವ 24 ಕಲ್ಲು, ಗಂಟೆಗೆ 19,800 ಬಡಿತ. ಮೊದಲು ವಾಚನ್ನು ನಡೆಸುವ ಮೇನ್ ಸ್ಪ್ರಿಂಗ್‌ನ ಬಿಗಿಯನ್ನು ನಿಧಾನವಾಗಿ ಇಳಿಸಿದೆ. ಬಿಗಿಯಿರುವಾಗಲೇ ಬಿಚ್ಚಿದರೆ ಚಕ್ರದ ಹಲ್ಲು ಹೋಗುತ್ತದೆ. ಡಯಲ್‌ನ ಕೆಳಗೆ ‘ಟಿ’ ಅಕ್ಷರವಿತ್ತು, ಅಂದರೆ ಕತ್ತಲಲ್ಲಿ ಕಾಣುವ ಹೊಳಪಿಗೆ ಟ್ರಿಟಿಯಂ ಎಂಬ ವಿಕಿರಣ ವಸ್ತು ಬಳಸಿದ್ದಾರೆ. ಅದರ ಅರ್ಧಾಯುಷ್ಯ 12 ವರ್ಷ ಚಿಲ್ಲರೆ. ಹೊಳಪು ಎಂದೋ ಸತ್ತಿದೆ, ಪುಡಿ ಮಾತ್ರ ಉದುರುತ್ತದೆ. ಆ ಪುಡಿಯನ್ನು ಮುಟ್ಟದೆ ಡಯಲನ್ನು ಎತ್ತಿಟ್ಟೆ. ಟಿಕ್ ಟಿಕ್ ಎಂದು ಚಕ್ರವನ್ನು ತಡೆದು ಬಿಡುವ ಪುಟ್ಟ ಕವಲು, ಪ್ಯಾಲೆಟ್ ಫೋರ್ಕನ್ನು ಸ್ಪಿರಿಟ್‌ನಲ್ಲಿ ನೆನೆಹಾಕಬಾರದು, ಅದರ ಕಲ್ಲುಗಳನ್ನು ಹಿಡಿದಿರುವ ಅರಗು ಕರಗುತ್ತದೆ.

ತೊಳೆಯುವುದು ಯಾರಿಗಾದರೂ ಬಂದೀತು; ಕೈಯ ಪರೀಕ್ಷೆ ಎಣ್ಣೆ ಹಾಕುವಾಗ. ಅತ್ತಿತ್ತ ತೂಗಿ ವೇಳೆ ಅಳೆಯುವ ಚಕ್ರವಾದ ಬ್ಯಾಲೆನ್ಸ್‌ನ ತುದಿ ತಿರುಗುವ ತೂತುಗಲ್ಲಿನ ಮೇಲೆ ಚಪ್ಪಟೆಯಾದ ಮುಚ್ಚಳಗಲ್ಲು ಕೂತಿರುತ್ತದೆ. ಅದನ್ನು ಹಿಡಿದಿರುವ ಪುಟ್ಟ ಸ್ಪ್ರಿಂಗ್ ಸರಿಸಿ ಚಿಮಟದಲ್ಲಿ ಎತ್ತಿ ನೋಡಿದೆ: ನಡುವೆ ಕಂದು ಬಣ್ಣದ ಉಂಗುರ, ಹಳೆಯ ಎಣ್ಣೆಯ ಕಲೆ. ಅದನ್ನು ಉಜ್ಜಿ ತೆಗೆದು, ಮೋಬಿಯಸ್ 9010 ಎಣ್ಣೆಯ ಒಂದು ಹನಿಯನ್ನು ಸರಿಯಾಗಿ ನಡುವೆ ಇಟ್ಟು ಮುಚ್ಚಿದೆ. ಕಲ್ಲಿನ ಅರ್ಧಕ್ಕಿಂತ ತುಸು ಹೆಚ್ಚು ಅಗಲಕ್ಕೆ ಎಣ್ಣೆಯ ವೃತ್ತ ಕಾಣಬೇಕು. ಅಂಚು ಮುಟ್ಟಿತೋ, ಎಣ್ಣೆ ಸುತ್ತಲಿನ ಲೋಹಕ್ಕೆ ಹರಿದು ತುದಿ ಮತ್ತೆ ಒಣಗುತ್ತದೆ. ಆಟೊಮ್ಯಾಟಿಕ್ ವಾಚಿನಲ್ಲಿ ಮೇನ್ ಸ್ಪ್ರಿಂಗ್ ಕೂರುವ ಡಬ್ಬಿಯ, ಅಂದರೆ ಬ್ಯಾರೆಲ್‌ನ, ಗೋಡೆಗೆ ಮಾತ್ರ ಹಿಡಿತವಿರುವ ಗ್ರೀಸ್ ಬೇಕು. ಪೂರ್ತಿ ಸುತ್ತಿಕೊಂಡ ಸ್ಪ್ರಿಂಗ್ ಅಲ್ಲಿ ಜಾರಬೇಕು, ಆದರೆ ಬೇಗ ಜಾರಬಾರದು. ಜಾರಿದರೆ ರಾತ್ರಿ ಬಿಚ್ಚಿಟ್ಟ ವಾಚು ಬೆಳಗ್ಗೆ ನಿಂತಿರುತ್ತದೆ.

ಜೋಡಿಸಿ, ವಾಚಿನ ಬಡಿತ ಕೇಳಿ ಅಳೆಯುವ ಟೈಮ್‌ಗ್ರಾಫರ್ ಮೇಲೆ ಇಟ್ಟಾಗ, ಮೊದಲು 180 ಡಿಗ್ರಿ ಆಸುಪಾಸಿನಲ್ಲಿ ತೂಗುತ್ತಿದ್ದ ಬ್ಯಾಲೆನ್ಸ್ 275 ದಾಟಿತು. ನೀರು ನುಗ್ಗದಿರಲೆಂದು ಹಿಂಬದಿಗೆ ಹೊಸ ರಬ್ಬರ್ ಬಳೆ ಹಾಕಿದೆ. ಆದರೂ ಜುಲೈ ಮಳೆಯಲ್ಲಿ ಕಟ್ಟಿಕೊಂಡು ಹೊರಡಬೇಡಿ ಎಂದು ಮಾಸ್ತರರಿಗೆ ಹೇಳಿದೆ. ಡಯಲ್‌ಗೂ ಹೊಸ ಬಣ್ಣ ಬಳಿದುಕೊಡಿ ಎಂದು ಅವರು ಕೇಳಿದರು. ಹಳದಿಗಟ್ಟಿದ ಮೂಲ ಡಯಲ್‌ಗೆ ಇರುವ ಬೆಲೆ ಬಣ್ಣ ಬಳಿದದ್ದಕ್ಕೆ ಇಲ್ಲ. ಆ ಕೆಲಸ ನನ್ನಲ್ಲಿ ಆಗುವುದಿಲ್ಲ ಎಂದೆ.