ಹೈಸ್ಕೂಲು, ಪಿಯುಸಿ ಮಕ್ಕಳಿರುವ ಮನೆಯವರು ಒಮ್ಮೆ ಓದಿ

ಮೈ ಬೆಳೆಯುವ ವಯಸ್ಸಿನಲ್ಲಿ ಹಾರ್ಮೋನುಗಳದ್ದೇ ಕಾರುಬಾರು ಅಲ್ವಾ? ಶಾಂಪೂ, ಕ್ರೀಮು ಕೆಡದಂತೆ ಹಾಕುವ ಪ್ಯಾರಾಬೆನ್, ಪ್ಲಾಸ್ಟಿಕ್ ಮೆತ್ತಗಾಗಲು ಮತ್ತು ಸುವಾಸನೆ ಉಳಿಯಲು ಬಳಸುವ ಥ್ಯಾಲೇಟ್, ಕೆಲವು ಗಟ್ಟಿ ಪ್ಲಾಸ್ಟಿಕ್‌ನಲ್ಲಿರುವ ಬಿಪಿಎ (ಬಿಸ್ಫಿನಾಲ್ ಎ) ಥರದ ರಾಸಾಯನಿಕಗಳು ಆ ಕೆಲಸಕ್ಕೆ ಅಡ್ಡ ಬರಬಹುದು. ಎಲ್ಲ ಮಕ್ಕಳಿಗೂ ತೊಂದರೆ ಆಗುತ್ತದೆ ಅಂತಲ್ಲ, ಆದರೆ ತಪ್ಪಿಸಬಹುದಾದದ್ದನ್ನು ಸುಮ್ನೆ ಯಾಕೆ ಮೈಗೆ ಸೇರಿಸಬೇಕು?

ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ 100 ಹದಿಹರೆಯದ ಹುಡುಗಿಯರಿಗೆ ಇಂಥವು ಇಲ್ಲದ ಶಾಂಪೂ, ಕ್ರೀಮು, ಮೇಕಪ್ ಕೊಟ್ಟು ನೋಡಿದ್ದರು, 2016ರಲ್ಲಿ ಪ್ರಕಟವಾದ ಅಧ್ಯಯನ. ಮೂರೇ ದಿನಕ್ಕೆ ಮೂತ್ರದಲ್ಲಿ ಮೀಥೈಲ್ ಪ್ಯಾರಾಬೆನ್ ಸುಮಾರು 44% ಇಳಿದಿತ್ತು. ಬಳಸುವುದು ನಿಲ್ಲಿಸಿದರೆ ಬೇಗ ಇಳಿಯುತ್ತದೆ, ಅದೇ ಸಮಾಧಾನ.

ಹಾಗಾಗಿ ಬಾಟಲಿ ಹಿಂದಿನ ಸಣ್ಣ ಅಕ್ಷರ ಓದಿ. ಹೆಸರಿನ ಕೊನೆಗೆ ಪ್ಯಾರಾಬೆನ್ ಅಂತಿದ್ದರೆ ವಾಪಸ್ ಇಡಿ. ಬರೀ ಫ್ರಾಗ್ರೆನ್ಸ್ ಅಂತ ಬರೆದಿದ್ದರೆ ಅದರೊಳಗೆ ಥ್ಯಾಲೇಟ್ ಇರಬಹುದು, ಬಿಡಿಸಿ ಹೇಳಿರುವುದಿಲ್ಲ, ಅದಕ್ಕೇ ಘಮಘಮ ಕಡಿಮೆ ಇರುವುದೇ ಒಳ್ಳೆಯದು.

ಇನ್ನು ನಮ್ಮ ದಾವಣಗೆರೆ ಬೆಣ್ಣೆ ದೋಸೆ ಪಾರ್ಸಲ್. ಹಂಚಿನಿಂದ ಆಗಷ್ಟೇ ತೆಗೆದ ದೋಸೆ, ಮೇಲೆ ಕರಗುತ್ತಿರುವ ಬೆಣ್ಣೆ, ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಿಸಿ ಪಲ್ಯವನ್ನು ತೆಳು ಕವರಿಗೆ ಹಾಕಿ ಕೊಡುತ್ತಾರೆ. ಬಿಸಿ ಮತ್ತು ಜಿಡ್ಡು ಸೇರಿದರೆ ಪ್ಲಾಸ್ಟಿಕ್‌ನಲ್ಲಿರುವುದು ಊಟಕ್ಕೆ ಜಾಸ್ತಿ ಬಿಡುತ್ತದೆ. ಸ್ಟೀಲ್ ಡಬ್ಬಿ ಒಯ್ಯಿರಿ, ಇಲ್ಲವೇ ಬಾಳೆ ಎಲೆಯಲ್ಲಿ ಕಟ್ಟಿಸಿಕೊಳ್ಳಿ.

ಹಳ್ಳಿ ಕಡೆಯವರಿಗೆ ಒಂದು ಮಾತು: ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವಾಗ ಮಕ್ಕಳನ್ನು ಹೊಲಕ್ಕೆ ಕರೆಯಲೇಬೇಡಿ. ಕೆಲವು ಕೀಟನಾಶಕಗಳೂ ಹಾರ್ಮೋನು ಕೆಡಿಸುತ್ತವೆ.

ಮಗಳ ಮುಟ್ಟು ತಿಂಗಳುಗಟ್ಟಲೆ ಏರುಪೇರಾದರೆ ಮಾತ್ರ ಶಾಂಪೂ ಬದಲಿಸಿ ಕೂರಬೇಡಿ, ಡಾಕ್ಟರ್‌ಗೆ ತೋರಿಸಿ.