ಛಾವಣಿ ಮೇಲಿನ ಹೆಜ್ಜೆ ಸದ್ದು: ಮೂಲ ಹಿಡಿಯುವ ನನ್ನ ವಿಧಾನ

ರಾತ್ರಿ ಛಾವಣಿಯ ಮೇಲೆ ಯಾರೋ ನಡೆದಾಡುವ ಸದ್ದು, ಗೋಲಿ ಬಿದ್ದು ಉರುಳಿದ ಸದ್ದು, ಗೋಡೆಯೊಳಗಿಂದ ತಟ್ಟಿದ ಸದ್ದು. ದೆವ್ವದ ದೂರು ಅಂತ ನನ್ನ ಹತ್ತಿರ ಬರುವುದರಲ್ಲಿ ಹೆಚ್ಚಿನವು ಇವೇ. ಕಂಪನವನ್ನು ವಿದ್ಯುತ್ತಾಗಿಸುವ ನಾಲ್ಕು ಪಿಯೆಜೊ ಬಿಲ್ಲೆ, ನಾಲ್ಕು ಚಾನೆಲ್ಲಿನ ಒಂದು ರೆಕಾರ್ಡರ್, ತಾಪಮಾನವನ್ನು ದಾಖಲಿಸುತ್ತಾ ಹೋಗುವ ಎರಡು ಲಾಗರ್ ಇದ್ದರೆ ಇಂಥ ಸದ್ದಿನ ಮೂಲವನ್ನು ಒಂದು ಮೊಳದೊಳಗೆ ಹಿಡಿಯಬಹುದು ಎಂದಾಗ ಎರಡೂ ಕಡೆಯವರು ನಂಬಲಿಲ್ಲ. ದೆವ್ವ ಹುಡುಕುವವರು ‘ವೈರು ಎಳೆದರೆ ಅದು ಬರುವುದೇ ಇಲ್ಲ’ ಎಂದರು. ದೆವ್ವ ನಂಬದವರು ‘ಪೈಪಿನ ಸದ್ದು ಅಂತ ಹೇಳಿ ಮುಗಿಸಿ, ಇಷ್ಟು ಖರ್ಚು ಯಾಕೆ’ ಎಂದರು. ನನ್ನ ತಕರಾರು ಹೆಚ್ಚಾಗಿ ಈ ಎರಡನೆಯ ಮಾತಿನ ಮೇಲೆ. ಯಾವ ಪೈಪು, ಎಲ್ಲಿ, ಆ ಹೊತ್ತಿಗೇ ಯಾಕೆ ಎಂದು ತೋರಿಸದಿದ್ದರೆ ಪೈಪು ಎನ್ನುವುದಕ್ಕೂ ದೆವ್ವ ಎನ್ನುವುದಕ್ಕೂ ತೂಕ ಒಂದೇ. ಬೇಕೆಂದಾಗ ಹುಟ್ಟಿಸಿ, ಬೇಕೆಂದಾಗ ನಿಲ್ಲಿಸಲು ಬಂದರೆ ಮಾತ್ರ ಆ ಸದ್ದು ಬಗೆಹರಿಯಿತು ಎಂದು ನಾನು ಒಪ್ಪುವುದು.

ಸಾಮಾನು ಬಿಚ್ಚುವ ಮೊದಲು ಒಂದು ತಪಾಸಣೆ ಆಗಲೇಬೇಕು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ತಲೆನೋವು, ಎದೆ ಭಾರ, ಬೆಳಗ್ಗೆ ಸುಸ್ತು ಇದ್ದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡಿ. ನೇತ್ರವೈದ್ಯ ವಿಲಿಯಂ ವಿಲ್ಮರ್ 1921ರಲ್ಲೇ ಅಮೆರಿಕದ ನೇತ್ರವಿಜ್ಞಾನ ಪತ್ರಿಕೆಯೊಂದರಲ್ಲಿ ಇಂಥ ಒಂದು ಕುಟುಂಬದ ವಿಷಯ ಬರೆದಿದ್ದಾರೆ. ಹೆಜ್ಜೆ ಸದ್ದು, ಯಾರೋ ಇದ್ದಾರೆಂಬ ಅನಿಸಿಕೆ, ತಲೆನೋವು, ಎಲ್ಲದರ ಹಿಂದೆ ಇದ್ದದ್ದು ಮನೆ ಬೆಚ್ಚಗಿಡುವ ಕೆಟ್ಟ ಕುಲುಮೆಯ ಹೊಗೆ. ಈ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅಲಾರಂ ಕೂಗಿದರೆ ದೆವ್ವದ ಮಾತು ಪಕ್ಕಕ್ಕಿಟ್ಟು ಎಲ್ಲರೂ ಹೊರಗೆ ಬರಬೇಕು, ವೈದ್ಯರನ್ನು ನೋಡಬೇಕು.

ಇನ್ನು ದುಡ್ಡು. ನೀರಿಗೆ ಹಾಕಿದಂತಾಗುವ ಮೊದಲ ಖರ್ಚು ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಇಎಂಎಫ್ ಮೀಟರ್. ಸಾಮಾನ್ಯವಾಗಿ ಸಿಗುವ ಅಗ್ಗದ ಮೀಟರ್ ಒಂದೇ ದಿಕ್ಕಿನ ಕ್ಷೇತ್ರ ಅಳೆಯುತ್ತದೆ. ಕೈ ತಿರುಗಿಸಿದರೆ ದೀಪ ಏರುತ್ತದೆ, ಜೇಬಿನ ಫೋನಿಗೆ ಸಂದೇಶ ಬಂದರೂ ಏರುತ್ತದೆ, ಗೋಡೆಯೊಳಗಿನ ವೈರಿನ ಹತ್ತಿರ ಹೋದರಂತೂ ಸರಿಯೇ ಸರಿ. ಎರಡನೆಯದು ಇನ್‌ಫ್ರಾರೆಡ್ ಥರ್ಮಾಮೀಟರ್. ಅದು ಅಳೆಯುವುದು ಎದುರಿನ ಗೋಡೆಯ ಮೈಯನ್ನು, ನಡುವಿನ ಗಾಳಿಯನ್ನಲ್ಲ. ಕೋಣೆ ಮಧ್ಯದಲ್ಲಿ ‘ತಣ್ಣನೆಯ ಜಾಗ’ ಹುಡುಕಲು ಅದನ್ನು ಹಿಡಿದವರಿಗೆ ಸಿಗುವುದು ಆಚೆಯ ಕಿಟಕಿ ಗಾಜಿನ ತಾಪ. ಥರ್ಮಲ್ ಕ್ಯಾಮೆರಾ ಒಳ್ಳೆಯ ಸಾಧನವೇ. ಆದರೆ ಸದ್ದಿನ ದೂರಿಗೆ ಅದರ ಅಗತ್ಯವಿಲ್ಲ. ಫೋನಿನ ರೆಕಾರ್ಡಿಂಗ್ ಪುಕ್ಕಟೆ, ಅಷ್ಟಕ್ಕಷ್ಟೇ. ಮೌನದಲ್ಲಿ ಅದು ತಾನಾಗಿ ಗಟ್ಟಿ ಮಾಡಿಕೊಳ್ಳುತ್ತದೆ, ಕೆಳಗಿನ ಕಂಪನಾಂಕಗಳನ್ನು ಕತ್ತರಿಸುತ್ತದೆ, ಗದ್ದಲ ಅಳಿಸುವ ತಂತ್ರಾಂಶ ಉಳಿದದ್ದನ್ನು ಪಿಸುಮಾತಿನ ಹಾಗೆ ಮಾಡಿಬಿಡುತ್ತದೆ. ‘ಆತ್ಮದ ಧ್ವನಿ’ ಎಂದು ನನಗೆ ಕಳಿಸುವ ತುಣುಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಇಲ್ಲೇ.

ಜೋಡಣೆಯ ವಿಷಯ. ಬಜರಿನಲ್ಲಿ ಬಳಸುವ 27 ಮಿ.ಮೀ. ಪಿಯೆಜೊ ಬಿಲ್ಲೆ ಸಾಕು. ಬೆಸುಗೆ ಹಾಕುವಾಗ ಬಿಳಿ ಭಾಗಕ್ಕೆ ಕಾವು ಹೆಚ್ಚು ಹೊತ್ತು ಕೊಡಬೇಡಿ, ಬೆಳ್ಳಿ ಲೇಪ ಎದ್ದುಬರುತ್ತದೆ. ಶೀಲ್ಡ್, ಅಂದರೆ ಸುತ್ತ ಲೋಹದ ಹೊದಿಕೆ, ಇರುವ ವೈರು ಬಳಸಿ, ಶೀಲ್ಡನ್ನು ಹಿತ್ತಾಳೆ ಕಡೆಗೆ ಬೆಸೆಯಿರಿ. ಇಲ್ಲದಿದ್ದರೆ ರಾತ್ರಿಯಿಡೀ ಕರೆಂಟಿನ ಗುಂಯ್ ಸದ್ದೇ ತುಂಬಿರುತ್ತದೆ. ಸ್ಪಂಜಿನ ಟೇಪಿನಲ್ಲಿ ಅಂಟಿಸಿದರೆ ಚುರುಕು ಸದ್ದನ್ನೆಲ್ಲ ಸ್ಪಂಜೇ ನುಂಗುತ್ತದೆ. ಬಣ್ಣದ ಮೇಲೆ ಮೊದಲು ಕಾಗದದ ಟೇಪು, ಅದರ ಮೇಲೆ ಒಂದೆರಡು ಹನಿ ಸೂಪರ್ ಗ್ಲೂ, ಮೇಲೆ ಬಿಲ್ಲೆ. ಬಿಚ್ಚುವಾಗ ಮನೆಯವರ ಗೋಡೆಗೆ ಕಲೆಯಾಗುವುದಿಲ್ಲ.

ಈ ವಿಧಾನ ಪ್ರಯತ್ನಿಸಿ ಕೈಬಿಟ್ಟವರಲ್ಲಿ ಹೆಚ್ಚಿನವರು ಸೋತದ್ದು ಇನ್‌ಪುಟ್ಟಿನಲ್ಲಿ, ಅಂದರೆ ಬಿಲ್ಲೆಯ ವೈರನ್ನು ರೆಕಾರ್ಡರಿಗೆ ಚುಚ್ಚುವ ಕಡೆ. ಬಿಲ್ಲೆಯ ಕೆಪಾಸಿಟೆನ್ಸ್ (ವಿದ್ಯುದಂಶ ಹಿಡಿದಿಡುವ ಶಕ್ತಿ) ಸುಮಾರು 20 ನ್ಯಾನೊಫ್ಯಾರಡ್. ಅದನ್ನು 10 ಕಿಲೋ ಓಂನ ಲೈನ್ ಇನ್‌ಪುಟ್ಟಿಗೆ ನೇರ ಚುಚ್ಚಿದರೆ 800 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಇಳಿಯುತ್ತಾ ಹೋಗುತ್ತದೆ. ಹೆಜ್ಜೆಯ ‘ಧಡ್’ ಇರುವುದೇ ಅದಕ್ಕಿಂತ ಬಹಳ ಕೆಳಗೆ. ಯಂತ್ರ ರಾತ್ರಿಯೆಲ್ಲ ಓಡಿದ್ದರೂ ಬೆಳಗ್ಗೆ ನೋಡಿದರೆ ಏನೂ ಇಲ್ಲ, ಮನೆಯವರು ಸುಳ್ಳು ಹೇಳಿದರು ಎಂಬ ತೀರ್ಮಾನ! ಅದೇ 1 ಮೆಗಾ ಓಂ ಇನ್‌ಪುಟ್ ಆದರೆ ಮಿತಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಗಿಟಾರಿಗೆಂದು ಇರುವ ಇನ್‌ಪುಟ್ಟಿಗೆ ಚುಚ್ಚಿ, ಇಲ್ಲವೇ ಒಂದು ಜೆಫೆಟ್ ಟ್ರಾನ್ಸಿಸ್ಟರ್ ಹಾಕಿ, ಸಂಕೇತ ಕುಂದದಂತೆ ನಡುವೆ ಕೂರುವ, ಬ್ಯಾಟರಿಯಲ್ಲಿ ಓಡುವ ಬಫರ್ ಕಟ್ಟಿಕೊಳ್ಳಿ. ಬಫರಿನ ಸಾಮಾನಿಗೆ ಬೀಳುವ ಖರ್ಚು ಲೆಕ್ಕಕ್ಕೇ ಇಲ್ಲ.

ನಾಲ್ಕು ಅಗ್ಗದ ರೆಕಾರ್ಡರ್ ತಂದು ನಾಲ್ಕು ಕಡೆ ಇಟ್ಟರಾಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಪ್ರತಿಯೊಂದರ ಗಡಿಯಾರ ಬೇರೆ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಎಂಟು ಗಂಟೆಯಲ್ಲಿ ಅರ್ಧ ಸೆಕೆಂಡಿಗೂ ಮೇಲೆ ಜಾರುತ್ತದೆ. ಒಂದೇ ಸದ್ದು ಬೇರೆ ಬೇರೆ ಬಿಲ್ಲೆಗೆ ತಲುಪುವ ಹೊತ್ತಿನಲ್ಲಿ ನಾವು ಹುಡುಕುತ್ತಿರುವ ವ್ಯತ್ಯಾಸ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಆರಂಭಕ್ಕೊಂದು ಕೊನೆಗೊಂದು ಚಪ್ಪಾಳೆ ತಟ್ಟಿ ಸರಿಪಡಿಸಬಹುದು ಎನ್ನುತ್ತಾರೆ. ರಾತ್ರಿ ತಣ್ಣಗಾದಂತೆ ಜಾರುವ ವೇಗವೂ ಬದಲಾಗುವುದರಿಂದ ಅದೂ ನೆಚ್ಚುವಂಥದ್ದಲ್ಲ. ಒಂದೇ ಯಂತ್ರ, ನಾಲ್ಕು ಉದ್ದ ವೈರು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ನಾಲ್ಕು ಚಾನೆಲ್ ಗಂಟೆಗೆ ಎರಡು ಜಿಬಿ ತಿನ್ನುತ್ತದೆ, ಎಂಟು ಗಂಟೆಗೆ ಹದಿನಾರು ಹದಿನೇಳು. ಕಡತ ತುಂಡಾಗುವ ಜಾಗದಲ್ಲಿ ಸದ್ದು ಬಿಟ್ಟುಹೋಗುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ಈಗ ನಾನು ನಿಜವಾಗಿ ಹೆಮ್ಮೆಪಡುವ ಭಾಗ. ಸದ್ದು ನಾಲ್ಕು ಬಿಲ್ಲೆಗೆ ಮುಟ್ಟಿದ ಸಮಯದ ವ್ಯತ್ಯಾಸ ಹಿಡಿದು ಲೆಕ್ಕ ಹಾಕಿದರೆ ಮೂಲ ಸಿಗಬೇಕು ಎಂದು ಪುಸ್ತಕ ಹೇಳುತ್ತದೆ. ಸ್ಲ್ಯಾಬಿನಲ್ಲಿ ಆ ಲೆಕ್ಕ ಕೈಕೊಡುತ್ತದೆ. ಕಾಂಕ್ರೀಟಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಮೂರು ಸಾವಿರ ಮೀಟರಿಗೂ ಹೆಚ್ಚು ನಿಜ. ಆದರೆ ತಟ್ಟಿದಾಗ ಸ್ಲ್ಯಾಬ್ ಬಾಗಿ ಹರಡುವ ಅಲೆಗೆ ಒಂದೇ ವೇಗವಿಲ್ಲ, ಚುರುಕು ಭಾಗ ಮುಂದೆ, ಮಂದ ಭಾಗ ಹಿಂದೆ. ನಡುವೆ ತೊಲೆ, ಕೀಲು, ಪೈಪು ತೂರಿದ ರಂಧ್ರ. ತಂತ್ರಾಂಶಕ್ಕೆ ಬಿಟ್ಟರೆ ಮೂಲ ಪಕ್ಕದ ಕೋಣೆಯಲ್ಲಿದೆ ಎನ್ನುತ್ತದೆ.

ಹಾಗಾಗಿ ಲೆಕ್ಕ ಬಿಟ್ಟು ತಟ್ಟು ನಕ್ಷೆ ಮಾಡುತ್ತೇನೆ. ಹಗಲು ಹೊತ್ತಿನಲ್ಲಿ ಛಾವಣಿ, ಗೋಡೆ, ಪೈಪು, ಬಾಗಿಲ ಚೌಕಟ್ಟುಗಳ ಮೇಲೆ ಅರ್ಧ ಮೀಟರಿಗೊಂದು ಸೀಮೆಸುಣ್ಣದ ಗುರುತು. ಒಂದೊಂದು ಗುರುತಿನಲ್ಲೂ ಸ್ಕ್ರೂಡ್ರೈವರಿನ ಹಿಡಿಯಿಂದ ಮೂರು ಸಲ ತಟ್ಟುವುದು, ಜೊತೆಗೆ ಗುರುತಿನ ಸಂಖ್ಯೆಯನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುವುದು. ಯಾವ ಬಿಲ್ಲೆಗೆ ಮೊದಲು ತಲುಪಿತು, ಉಳಿದವಕ್ಕೆ ಎಷ್ಟು ತಡವಾಗಿ, ಯಾವುದರಲ್ಲಿ ಅಲೆ ಎಷ್ಟು ಎತ್ತರ ಎಂದು ಪಟ್ಟಿ ಮಾಡಿಕೊಳ್ಳಿ. ಪರದೆಯ ಮೇಲೆ ಅಲೆಯ ಮೊದಲ ಏರಿಕೆಯನ್ನು ಕಣ್ಣಿನಲ್ಲೇ ಹಿಡಿಯಿರಿ, ಯಂತ್ರ ಹಿಡಿಯುವುದಕ್ಕಿಂತ ಚೆನ್ನಾಗಿ ಬರುತ್ತದೆ. ರಾತ್ರಿಯ ಸದ್ದು ಯಾವ ಗುರುತಿಗೆ ಹೋಲುತ್ತದೋ ಅದರ ಸುತ್ತ ಹತ್ತು ಸೆಂಟಿಮೀಟರಿಗೊಂದರಂತೆ ಮತ್ತೆ ತಟ್ಟಿದರೆ ಜಾಗ ಬಿಗಿಯಾಗುತ್ತದೆ. ದೊಡ್ಡ ಕೋಣೆಗೆ ಅರ್ಧ ದಿನ ಹಿಡಿಯುವ ಕೆಲಸ, ಬೇಸರ ಬರುತ್ತದೆ, ಆದರೂ ಬಿಡಬಾರದು. ನಾಲ್ಕನೆಯ ಬಿಲ್ಲೆ ಎಲ್ಲಿ ಕೂರಬೇಕು ಎಂಬುದರಲ್ಲಿ ಒಂದು ಚಮತ್ಕಾರವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಡಿ, ಅಷ್ಟೇ.

ಕೇಳಿದವರ ಚೀಟಿಯೂ ಬಿಲ್ಲೆಯಷ್ಟೇ ಮುಖ್ಯ. ಮನೆಯ ಪ್ರತಿಯೊಬ್ಬರಿಗೂ ಬೇರೆ ಚೀಟಿ. ಎಲ್ಲರೂ ನೋಡುವುದು ಒಂದೇ ಗಡಿಯಾರ. ಹೊತ್ತು, ದಿಕ್ಕು, ಒಂದರಿಂದ ಐದರವರೆಗೆ ಗಟ್ಟಿತನ, ಎಚ್ಚರವಿದ್ದರೋ ಎಚ್ಚರವಾಯಿತೋ. ಬೆಳಗ್ಗೆ ಚೀಟಿ ವಾಪಸು ಕೊಡುವವರೆಗೆ ಪರಸ್ಪರ ಮಾತಾಡಬಾರದು. ಅದರಲ್ಲಿ ಒಂದು ಪ್ರಶ್ನೆ ಕೇವಲ ಪರೀಕ್ಷೆಗೆ ಇರುತ್ತದೆ. ಯಾವುದು ಎಂದು ಬರೆದರೆ ಕೆಲಸಕ್ಕೆ ಬಾರದಾಗುತ್ತದೆ, ಬರೆಯುವುದಿಲ್ಲ. ದೂರೇ ಇಲ್ಲದ ಕೋಣೆಗೂ ಒಂದು ಬಿಲ್ಲೆ ಹಾಕುವುದು ನನ್ನ ರೂಢಿ. ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಸದ್ದು ದಾಖಲಾಗಿರುತ್ತದೆ, ಆದರೆ ಚೀಟಿಯಲ್ಲಿ ಬಂದಿರುವುದಿಲ್ಲ. ಭಯವಿರುವ ಕಡೆ ಕಿವಿ ತೆರೆದಿರುತ್ತದೆ, ಅಷ್ಟೇ. ಇದರಿಂದ ಮನೆಯವರು ಕಲ್ಪಿಸಿಕೊಂಡರು ಎಂದಾಗುವುದಿಲ್ಲ. ಅವರು ಕೇಳಿದ ಸದ್ದು ಕಡತದಲ್ಲಿದೆ, ಅದನ್ನು ಅವರಿಗೆ ಮೊದಲು ಕೇಳಿಸಬೇಕು. ‘ಹೌದು, ಇದೇ’ ಎಂದು ಅವರ ಬಾಯಲ್ಲಿ ಬಂದ ಮೇಲೆ ಮುಂದಿನ ಮಾತು.

ಓದುವ ಬಗೆಗೆ ಬಂದರೆ, ಹೆಜ್ಜೆ ಸದ್ದಿನಲ್ಲಿ ಮೊದಲು ನೋಡುವುದು ಎರಡು ಸದ್ದುಗಳ ನಡುವಿನ ಅಂತರ. ಮೂರು ಮೀಟರ್ ಪಿವಿಸಿ ಪೈಪು 15 ಡಿಗ್ರಿ ತಣ್ಣಗಾದರೆ ಎರಡೂವರೆ ಮೂರು ಮಿ.ಮೀ. ಕುಗ್ಗುತ್ತದೆ. ಆರು ಮೀಟರ್ ಕಬ್ಬಿಣದ ತೊಲೆ 20 ಡಿಗ್ರಿಗೆ ಒಂದೂವರೆ ಮಿ.ಮೀ. ಕ್ಲಾಂಪು ಬಿಗಿಯಾಗಿದ್ದರೆ ಅದು ಸಲೀಸಾಗಿ ಜಾರದೆ ತಡೆದು ತಡೆದು ಜಿಗಿಯುತ್ತದೆ, ಒಂದೊಂದು ಜಿಗಿತಕ್ಕೆ ಒಂದು ‘ಟಕ್’. ತಣ್ಣಗಾಗುವ ವೇಗ ಇಳಿದಂತೆ ಟಕ್‌ಗಳ ಅಂತರ ಹೆಚ್ಚುತ್ತದೆ. ಕೇಳುವವರಿಗೆ ಯಾರೋ ನಡೆದುಬಂದು, ನಿಧಾನ ಮಾಡಿ, ನಿಂತಂತೆ. ಲಾಗರಿನ ಗೆರೆ ಮತ್ತು ಟಕ್‌ಗಳ ಪಟ್ಟಿಯನ್ನು ಒಂದರ ಮೇಲೊಂದು ಇಟ್ಟರೆ ಅಲ್ಲೇ ಕಾಣುತ್ತದೆ. ಹಗಲಲ್ಲಿ ಹುಟ್ಟಿಸಲು ಹೇರ್ ಡ್ರೈಯರಿನಲ್ಲಿ ಆ ಕ್ಲಾಂಪಿನ ಅಕ್ಕಪಕ್ಕ ಬಿಸಿಮಾಡಿ ಬಿಟ್ಟುಬಿಡಿ, ಪಿವಿಸಿ ಮೆತ್ತಗಾಗುವಷ್ಟು ಕಾವು ಬೇಡ. ನಿಲ್ಲಿಸಲು ಕ್ಲಾಂಪು ಸಡಿಲಿಸಿ ಒಳಗೆ ರಬ್ಬರ್ ಪಟ್ಟಿ.

ಗೋಲಿ ಸದ್ದು ಬೇರೆ. ಒಂದು ಬಡಿತ, ಆಮೇಲೆ ಹತ್ತಿರ ಹತ್ತಿರವಾಗುತ್ತಾ ಕುಗ್ಗುವ ಸಣ್ಣ ಬಡಿತಗಳು. ನಾನು ಬೆನ್ನುಹತ್ತಿದವುಗಳಲ್ಲಿ ಹೆಚ್ಚಿನವು ನೀರಿನ ಬಡಿತ. ವಾಲ್ವು ಥಟ್ಟನೆ ಮುಚ್ಚಿದಾಗ ಪೈಪಿನೊಳಗೆ ಒತ್ತಡದ ಅಲೆ ಹಿಂದೆ ಮುಂದೆ ಓಡಿ ಸಡಿಲ ಪೈಪನ್ನು ಗೋಡೆಗೆ ಬಡಿಯುತ್ತದೆ. ಟ್ಯಾಂಕಿನ ಫ್ಲೋಟ್ ವಾಲ್ವು ಮುಚ್ಚುವ ಹಂತದಲ್ಲಿ ಅಲುಗಾಡುತ್ತಿದ್ದರೂ ಇದೇ ಕಥೆ. ಮನೆಯವರ ಕೈಯಲ್ಲೇ ನಲ್ಲಿ ತೆಗೆಸಿ ಮುಚ್ಚಿಸಿ, ಸದ್ದು ಅವರೇ ಮಾಡಲಿ. ಇಲಿ ಹೆಗ್ಗಣದ್ದು ಸುಲಭ: ಕೆರೆತ, ಅಂತರಕ್ಕೆ ಕ್ರಮವಿಲ್ಲ, ಜಾಗ ಬದಲಾಗುತ್ತದೆ, ತಾಪಮಾನಕ್ಕೆ ಸಂಬಂಧವಿಲ್ಲ.

ಪಕ್ಕದ ಪ್ರಯೋಗಗಳಲ್ಲಿ ಹೆಚ್ಚು ದುಡ್ಡು ತಿಂದದ್ದು ಕಿವಿಗೆ ಕೇಳದ ಸದ್ದು. ಬ್ರಿಟನ್ನಿನ ಎಂಜಿನಿಯರ್ ವಿಕ್ ಟ್ಯಾಂಡಿ 1998ರಲ್ಲಿ ತಮ್ಮ ಪ್ರಯೋಗಾಲಯದ ‘ದೆವ್ವ’ವನ್ನು ಹೊಸ ಫ್ಯಾನೊಂದರ 19 ಹರ್ಟ್ಸ್ ಅಲೆಗೆ ಜೋಡಿಸಿದ್ದರಿಂದ ಎಲ್ಲರೂ ಅದರ ಹಿಂದೆ ಬಿದ್ದರು. ಸಣ್ಣ ಸ್ಪೀಕರಿನಲ್ಲಿ 19 ಹರ್ಟ್ಸ್ ಹುಟ್ಟುವುದಿಲ್ಲ, ಅದರ ದುಪ್ಪಟ್ಟು 38 ಹುಟ್ಟಿ ಮೋಸ ಮಾಡುತ್ತದೆ. ದೊಡ್ಡ ಸಬ್‌ವೂಫರ್ ಬೇಕು, ಅದರ ಬೆಲೆ ಉಳಿದೆಲ್ಲ ಸಾಮಾನಿನ ಒಟ್ಟಿಗಿಂತ ಹೆಚ್ಚು. ಕೊಳ್ಳುವ ಮೊದಲು ಟೇಪು ಹಿಡಿದು ಕೋಣೆ ಅಳೆಯಿರಿ. ಎರಡೂ ಕಡೆ ಮುಚ್ಚಿದ ಜಾಗದಲ್ಲಿ 19 ಹರ್ಟ್ಸ್ ಅಲೆ ಗೋಡೆಯಿಂದ ಗೋಡೆಗೆ ಮರಳಿ ಬಲಗೊಂಡು ನೆಲೆನಿಲ್ಲಲು ಒಂಬತ್ತು ಮೀಟರ್ ಉದ್ದ ಬೇಕು. ಮೂರು ಮೀಟರಿನ ಮಲಗುವ ಕೋಣೆಗೆ ಈ ವಿವರಣೆ ಹೊಂದುವುದೇ ಇಲ್ಲ. ಮನಶ್ಶಾಸ್ತ್ರಜ್ಞ ಕ್ರಿಸ್ ಫ್ರೆಂಚ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 79 ಜನರನ್ನು ವಿಶೇಷ ಕೋಣೆಯಲ್ಲಿ ಕೂರಿಸಿ ಕೇಳದ ಸದ್ದು, ವಿದ್ಯುತ್ಕಾಂತ ಕ್ಷೇತ್ರ ಎರಡನ್ನೂ ಹಾಕಿ ತೆಗೆದು ನೋಡಿತು. ಅನುಭವಗಳು ಬಂದವು, ಆದರೆ ಯಂತ್ರ ಓಡುತ್ತಿತ್ತೋ ಇಲ್ಲವೋ ಎಂಬುದಕ್ಕೆ ಅವು ಹೊಂದಲಿಲ್ಲ.

ಪುಕ್ಕಟೆಯಾಗಿ ಮಾಡಬಹುದಾದದ್ದು ಕನ್ನಡಿ. ಬೆನ್ನ ಹಿಂದೆ ಮಂದ ದೀಪ, ಮುಖದಿಂದ ಅರ್ಧ ಮೀಟರಿನೊಳಗೆ ಕನ್ನಡಿ, ಕಣ್ಣು ಕದಲಿಸದೆ ಹತ್ತು ನಿಮಿಷ. ಒಂದು ನಿಮಿಷದ ಹೊತ್ತಿಗೇ ಮುಖ ಬದಲಾಗತೊಡಗುತ್ತದೆ. ಇಟಲಿಯ ಮನಶ್ಶಾಸ್ತ್ರಜ್ಞ ಜಿಯೊವಾನಿ ಕಪೂಟೊ 2010ರಲ್ಲಿ ವರದಿ ಮಾಡಿದ 50 ಜನರಲ್ಲಿ ಮೂರನೇ ಎರಡು ಪಾಲು ತಮ್ಮ ಮುಖ ವಿಕಾರವಾದದ್ದನ್ನು ಕಂಡರು. ‘ಕನ್ನಡಿಯಲ್ಲಿ ಬೇರೆಯವರು ಕಂಡರು’ ಎನ್ನುವ ಮನೆಯಲ್ಲಿ ನಾನು ಮೊದಲು ನೋಡುವುದು ದೀಪದ ಜಾಗ. ಭಯಸ್ಥರಿಂದ ಮತ್ತು ಮಕ್ಕಳಿಂದ ಇದನ್ನು ಮಾಡಿಸಬೇಡಿ.

ಎದೆಯ ಮೇಲೆ ಯಾರೋ ಕೂತರು, ಕೈಕಾಲು ಆಡಲಿಲ್ಲ ಎನ್ನುವ ದೂರಿಗೆ ಬಿಲ್ಲೆ ಹಾಕುವುದು ದಂಡ. ಅದು ನಿದ್ರಾ ಪಾರ್ಶ್ವವಾಯು. ಕನಸಿನ ನಿದ್ರೆಯಲ್ಲಿ ಸ್ನಾಯು ಸಡಿಲವಿರುವಾಗಲೇ ಎಚ್ಚರವಾಗುವುದು. ಅಂಗಾತ ಮಲಗುವುದು, ನಿದ್ದೆಗೆಡುವುದು ಇದನ್ನು ಹೆಚ್ಚಿಸುತ್ತವೆ. ಪಾಳಿ ಬದಲಾಗಿದೆಯೇ ಎಂದು ಕೇಳಿ, ಮಗ್ಗುಲಾಗಿ ಮಲಗಲು ಹೇಳಿ, ಪದೇ ಪದೇ ಬಂದರೆ ನಿದ್ರೆಯ ವೈದ್ಯರ ಬಳಿ ಕಳಿಸಿ.

ತಟ್ಟು ನಕ್ಷೆಯ ಯಾವ ಗುರುತಿಗೂ ಹೋಲದ ಸದ್ದುಗಳೂ ಸಿಗುತ್ತವೆ. ಅವನ್ನು ಪೈಪು ಎಂದೂ ಬರೆಯುವುದಿಲ್ಲ, ದೆವ್ವ ಎಂದೂ ಬರೆಯುವುದಿಲ್ಲ. ಕಡತ, ನಕ್ಷೆ, ಬಿಲ್ಲೆಗಳ ಜಾಗ, ಲಾಗರಿನ ಗೆರೆ ಎಲ್ಲವನ್ನೂ ಒಂದೇ ಕಡೆ ಇಟ್ಟು, ಹವೆ ಬದಲಾದ ಮೇಲೆ ಅದೇ ಗುರುತುಗಳ ಮೇಲೆ ಬಿಲ್ಲೆ ಅಂಟಿಸಿ ಮತ್ತೆ ಅಳೆಯುತ್ತೇನೆ. ಆದ್ದರಿಂದ ಕಾಗದದ ಟೇಪು ಕೀಳುವ ಮೊದಲು ಪ್ರತಿ ಬಿಲ್ಲೆಗೂ ಎರಡು ಗೋಡೆಗಳಿಂದ ಇರುವ ಅಂತರವನ್ನು ಬರೆದಿಟ್ಟುಕೊಳ್ಳಿ.